ಯುತಾನ ಬಾಯಲ್ಲಿ ಪಿಂಕಿಯ ಮಾತು

ಧಾರವಾಡ
೧೨ ಜೂನ್ ೨೦೨೩

ಪ್ರೀತಿಯ ಶಿವೂ,

ನಿನ್ನ ಪತ್ರ ಬಂತು. ಅಂಚೆಯವನು ಬಾಗಿಲಲ್ಲಿ ನನ್ನ ಹೆಸರು ಕೂಗಿ ಎಷ್ಟು ವರ್ಷವಾಯಿತೋ, ನಿನ್ನ ವೈನಿ ಯಾರೋ ಕೋರ್ಟಿನವರು ಬಂದರೆಂದು ಹೆದರಿದಳು. ಒಳಗೆ ನೋಡಿದರೆ ಮೂರೇ ಸಾಲು. ಫೋನು ಕೆಟ್ಟಿದೆ, ಸದ್ಯಕ್ಕೆ ಹೊಸದು ಬೇಡವೆಂದಿದ್ದೇವೆ, ಬರೆಯುವುದಾದರೆ ಎದುರು ಮನೆಯ ಅಂಬುಬಾಯಿಯವರ ವಿಳಾಸಕ್ಕೆ ಬರೆ. ನಿಮ್ಮ ಮನೆಗೆ ಅಂಚೆ ಬರುವುದಿಲ್ಲವೇ? ಹೈದರಾಬಾದಿನಲ್ಲಿದ್ದೀರೋ ಕಾಡಿನಲ್ಲೋ?

ಇರಲಿ, ನನಗಂತೂ ಲಾಭವೇ. ಈಗ ನನಗೆ ಬೇಕಾಗಿರುವುದು ಫೋನಿನ ಮಾತಲ್ಲ, ಬರಹ. ಹುಬ್ಬಳ್ಳಿಯ ಪ್ರಕಾಶಕರು ಒಂದು ಜಪಾನಿ ಕಾಮಿಕ್ಸ್ ಅನುವಾದಕ್ಕೆ ಕೊಟ್ಟಿದ್ದಾರೆ. ಯುತಾ ಅಂತ ಐದು ವರ್ಷದ ಹುಡುಗ. ಅಪ್ಪ ಆಫೀಸಿಗೆ ಹೋಗುವವನು, ಅವ್ವ ಮನೆಯಲ್ಲಿ. ನಾಲ್ಕು ನಾಲ್ಕು ಚೌಕದ ಸಣ್ಣ ಕಥೆಗಳು, ಪ್ರತಿಯೊಂದರಲ್ಲೂ ಅವನದೊಂದು ಕಿತಾಪತಿ. ಪುಣೆಯಲ್ಲಿ ಕಲಿತ ಜಪಾನಿ ಕೊನೆಗೂ ಉಪಯೋಗಕ್ಕೆ ಬಂತು ಎಂದು ಕುಣಿದಾಡಿದೆ. ಆದರೆ ಹತ್ತು ಪುಟ ಮಾಡುವಷ್ಟರಲ್ಲಿ ಗೊತ್ತಾಯಿತು, ನನಗೆ ಮಕ್ಕಳ ಕನ್ನಡವೇ ಬರುವುದಿಲ್ಲ. ನನ್ನ ಯುತಾ ಹೈಸ್ಕೂಲ್ ಮಾಸ್ತರನ ಹಾಗೆ ಮಾತಾಡುತ್ತಾನೆ. ನಮ್ಮ ಮನೆಯಲ್ಲಿ ಮಕ್ಕಳಿಲ್ಲ, ನಿನಗೆ ಗೊತ್ತೇ ಇದೆ.

ನಿನ್ನ ಪಿಂಕಿ ಈಗ ಐದರಲ್ಲಿದ್ದಾಳಲ್ಲ. ಅವಳು ಮಾಡುವ ಚೇಷ್ಟೆ, ಆಡುವ ಮಾತು, ಇದ್ದಂತೆ ಬರೆದು ಕಳಿಸು. ಆ ತೆಲುಗು, ಹಿಂದಿ ಬೆರೆತದ್ದೂ ಹಾಗೇ ಇರಲಿ. ಅವಳ ಅಪ್ಪ ವಿಜಯಕುಮಾರರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಅಣ್ಣ,
ಚಂದ್ರಕಾಂತ

*

ಶಾಪೂರ್ ನಗರ, ಹೈದರಾಬಾದ್
೧ ಜುಲೈ ೨೦೨೩

ಅಣ್ಣನಿಗೆ ಶಿವಗಂಗಾಳ ನಮಸ್ಕಾರಗಳು.

ಪಿಂಕಿಯನ್ನು ಶಾಲೆಗೆ ಬಿಟ್ಟು ಬಂದು ಅಂಬುಬಾಯಿಯವರ ಅಡುಗೆಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ನೀನು ಕೇಳಿದ್ದಕ್ಕೆ ಒಂದು ಹೇಳುತ್ತೇನೆ.

ಕಳೆದ ವಾರ ಇವರು ಫ್ಯಾಕ್ಟರಿಗೆ ಹೊರಟಾಗ ಬೆಲ್ಟು ಸಿಗಲಿಲ್ಲ. ಮನೆಯೆಲ್ಲ ಹುಡುಕಿದ್ದಾಯಿತು. ಕೊನೆಗೆ ನೋಡಿದರೆ ನೀರಿನ ಡ್ರಮ್ಮಿನ ತಳದಲ್ಲಿ. ಪಿಂಕಿಯನ್ನು ಕರೆದು ಕೇಳಿದರೆ ಅವಳು, "ಬೆಲ್ಟಿಗೆ ಜಳಕಾ ಮಾಡಸ್ಲಿಕತ್ತೀನಿ ಮಮ್ಮಿ. ಪಾಪ, ಅದಕ್ಕ ಭಾಳ ಕೆಲಸ" ಅಂದಳು. ಇವರು ಕೇಳಿಸಿಕೊಳ್ಳಲಿಲ್ಲ, ಪುಣ್ಯ. ಡ್ರಮ್ಮಿಗೆ ಬಿದ್ದದ್ದು ನನ್ನ ಕೈಯಿಂದ ಎಂದು ಹೇಳಿದೆ.

ಇದು ನಗುವಂಥದ್ದೋ ಅಲ್ಲವೋ ನೀನೇ ನೋಡು. ಮಾತಿನ ಜನ ನೀವು.

ಪಿಂಕಿಗೆ ಧಾರವಾಡ ನೋಡುವ ಆಸೆ. ನಿನ್ನ ಮೇಲಿನ ಕೋಣೆ ಖಾಲಿ ಇದೆಯೇ? ಶ್ರಾವಣದಲ್ಲಿ ಬಂದರೆ ಸ್ವಲ್ಪ ದಿನ ಇರಬಹುದು ಅಂದುಕೊಂಡೆ.

ನಿನ್ನ ತಂಗಿ,
ಶಿವಗಂಗಾ

*

ಧಾರವಾಡ
೧೧ ಜುಲೈ ೨೦೨೩

ಶಿವೂ,

ನೀನು ಕಳಿಸಿದ್ದು ಪತ್ರವಲ್ಲ, ನಿಧಿ. ಹನ್ನೆರಡನೇ ಪುಟದಲ್ಲಿ ಯುತಾ ಅಪ್ಪನ ಟೈಯನ್ನು ಸ್ನಾನದ ತೊಟ್ಟಿಯಲ್ಲಿ ಅದ್ದುತ್ತಾನೆ. ಮೂಲದಲ್ಲಿ ಅಲ್ಲೊಂದು ಶ್ಲೇಷೆಯಿದೆ, ಅದನ್ನು ಕನ್ನಡಕ್ಕೆ ತರಲು ಒಂದು ವಾರ ತಲೆ ಕೆರೆದುಕೊಂಡಿದ್ದೆ. ಈಗ ಅಲ್ಲಿ ಪಿಂಕಿಯ ಮಾತು ಕೂತಿದೆ: "ಪಾಪ, ಇದಕ್ಕ ಭಾಳ ಕೆಲಸ." ಪ್ರಕಾಶಕರಿಗೆ ಓದಿ ತೋರಿಸಿದೆ, ಅವರು ಚಹಾ ಚೆಲ್ಲಿಕೊಂಡರು. ಯುತಾ ಇಡೀ ಪುಸ್ತಕದಲ್ಲಿ ನಮ್ಮ ಕಡೆಯ ಮಾತನ್ನೇ ಆಡಲಿ ಎಂದು ತೀರ್ಮಾನವಾಯಿತು.

ಇನ್ನೂ ಕಳಿಸು. ಎಷ್ಟಿದ್ದರೂ ಕಳಿಸು.

ಮೇಲಿನ ಕೋಣೆಯಲ್ಲಿ ಸದ್ಯ ಪ್ರೂಫು, ಕಾಗದ, ನನ್ನ ನಿಘಂಟುಗಳು. ಕಾಲಿಡಲು ಜಾಗವಿಲ್ಲ. ಪುಸ್ತಕ ಮುಗಿಯಲಿ, ದಸರೆಗೆ ಆರಾಮಾಗಿ ಬನ್ನಿ.

ಚಂದ್ರಕಾಂತ

*

ಶಾಪೂರ್ ನಗರ
೯ ಆಗಸ್ಟ್ ೨೦೨೩

ಅಣ್ಣ,

ಅಕ್ಷರ ಸೊಟ್ಟಗಿವೆ, ಬೈಯಬೇಡ. ಬಚ್ಚಲಲ್ಲಿ ಕಾಲು ಜಾರಿ ಬಲಗೈ ಮಣಿಕಟ್ಟಿಗೆ ಪೆಟ್ಟಾಗಿದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅದಕ್ಕೇ ಚುಟುಕಾಗಿ ಹೇಳುತ್ತೇನೆ.

ಹೋದ ಭಾನುವಾರ ಸಂಜೆ ಪಿಂಕಿ ಚಪ್ಪಲಿಯಿಲ್ಲದೆ ಹೊರಗೆ ಓಡಿ ಅಕ್ಕಪಕ್ಕದ, ಎದುರಿನ ಮೂರೂ ಮನೆಗಳ ಬೆಲ್ ಒತ್ತಿದ್ದಾಳೆ. "ಬರ್‍ರಿ, ಜಲ್ದಿ ಬರ್‍ರಿ, ನಮ್ಮನ್ಯಾಗ ಸಿನಿಮಾ ಚಾಲೂ ಆಗೈತಿ" ಅಂತ. ತೆಲುಗಿನವರಿಗೆ ತೆಲುಗಿನಲ್ಲಿ ಹೇಳಿದಳಂತೆ. ಏಳೆಂಟು ಜನ ಒಳಗೆ ಬಂದು ನಿಂತರು. ಟಿವಿ ಬಂದ್ ಇತ್ತು. ಆಮೇಲೆ ಇವರೇ ನಗುತ್ತ ಎಲ್ಲರನ್ನೂ ಕೂಡಿಸಿ, ತಾವೇ ಚಹಾ ಮಾಡಿ ಕೊಟ್ಟರು. ಅಂಬುಬಾಯಿ ಕೊನೆಯವರೆಗೂ ಎದ್ದು ಹೋಗಲಿಲ್ಲ. ಪಿಂಕಿ ಅವರ ತೊಡೆಯ ಮೇಲೇ ನಿದ್ದೆಹೋದಳು.

ದಸರೆ ದೂರವಿದೆ ಅನಿಸುತ್ತದೆ. ನಾವು ನೆಲದ ಮೇಲೆ ಮಲಗುವವರು, ಕಾಗದದ ನಡುವೆ ನಮಗೆ ಜಾಗ ಸಾಕು.

ಶಿವಗಂಗಾ

*

ಧಾರವಾಡ
೨೮ ಆಗಸ್ಟ್ ೨೦೨೩

ಶಿವೂ,

ಕೈ ಜೋಪಾನ. ಬಚ್ಚಲಿಗೆ ರಬ್ಬರ್ ಚಾಪೆ ಹಾಕಿಸಲು ವಿಜಯಕುಮಾರರಿಗೆ ಹೇಳು. ಮುತ್ತಿನಂಥ ಅಕ್ಷರ ನಿನ್ನದು, ಈಗ ಪಿಂಕಿಯೇ ಬರೆದ ಹಾಗಿದೆ.

ಆದರೆ ಆ ಸಿನಿಮಾ! ನಾನು ಒಬ್ಬನೇ ಕೂತು ನಕ್ಕೆ. ಒಂದು ಕಥೆಯಲ್ಲಿ ಯುತಾನ ಅಪ್ಪ ಚಡ್ಡಿಯಲ್ಲಿ ಬಾಯಿ ತೆರೆದು ಮಲಗಿರುತ್ತಾನೆ, ಯುತಾ ಓಣಿಯವರನ್ನೆಲ್ಲ ಕರೆತರುತ್ತಾನೆ. ಅಲ್ಲಿಗೆ ಈ ಮಾತು ಅಳತೆ ತೆಗೆದು ಹೊಲಿದಂತಿದೆ. ನಿಮ್ಮವರ ಸಹನೆಯನ್ನೂ ಮೆಚ್ಚಬೇಕು. ಎಷ್ಟು ಜನ ಗಂಡಸರು ಹಾಗೆ ನಕ್ಕು ಚಹಾ ಮಾಡಿಕೊಟ್ಟಾರು?

ಪುಸ್ತಕದ ಕೆಲಸದಲ್ಲಿ ಊಟದ ಹೊತ್ತು ತಪ್ಪಿದೆ. ಇಂಥ ಸಂತೋಷ ನನಗೆ ಯಾವ ಕೆಲಸದಲ್ಲೂ ಸಿಕ್ಕಿರಲಿಲ್ಲ.

ಚಂದ್ರಕಾಂತ

*

ಶಾಪೂರ್ ನಗರ
೧೫ ಸೆಪ್ಟೆಂಬರ್ ೨೦೨೩

ಅಣ್ಣ,

ಪತ್ರ ಓದಿದೆ. ಎರಡು ಸಲ ಓದಿದೆ.

ಒಂದು ಕೇಳಬೇಕಿತ್ತು. ನಿನ್ನ ಪುಸ್ತಕದಲ್ಲಿ ಆ ಹುಡುಗನ ಮನೆಯಲ್ಲಿ ಯಾರಾದರೂ ಯಾರನ್ನಾದರೂ ಹೊಡೆಯುತ್ತಾರೆಯೇ? ಹೊಡೆದರೆ ಆಮೇಲೆ ಏನಾಗುತ್ತದೆ? ಅದನ್ನು ನೀನು ಹೇಗೆ ಬರೆಯುತ್ತೀ?

ದಸರೆಗೆ ನಾವಿಬ್ಬರೇ ಬರುತ್ತೇವೆ. ರಜೆ ಮುಗಿದ ಮೇಲೂ ಇರಬೇಕಾದೀತು. ಅಲ್ಲಿ ಹತ್ತಿರ ಪಿಂಕಿಗೆ ಶಾಲೆ ಯಾವುದಿದೆ, ವೈನಿಯನ್ನು ಕೇಳಿ ತಿಳಿಸು.

ಶಿವಗಂಗಾ

*

ಧಾರವಾಡ
೩೦ ಅಕ್ಟೋಬರ್ ೨೦೨೩

ಶಿವೂ,

ತಡವಾಯಿತು, ಕ್ಷಮಿಸು. ದಸರೆಗೆ ನಿನ್ನ ವೈನಿಯ ತವರಿನವರು ಒಂಬತ್ತು ಜನ ಬಂದಿದ್ದರು, ಈಗ ಬರಬೇಡವೆಂದು ನಿನಗೆ ಬರೆಯಲೂ ಪುರಸೊತ್ತಾಗಲಿಲ್ಲ. ನೀನೂ ಬರಲಿಲ್ಲ, ಒಳ್ಳೆಯದೇ ಆಯಿತು. ಶಾಲೆಯ ವಿಷಯ ಯಾಕೆ? ಹೈದರಾಬಾದಿನ ಶಾಲೆ ಬಿಟ್ಟು ಇಲ್ಲಿಗೆ ಯಾರಾದರೂ ಮಕ್ಕಳನ್ನು ತರುತ್ತಾರೆಯೇ?

ನೀನು ಕೇಳಿದ್ದಕ್ಕೆ: ಹೊಡೆಯುತ್ತಾರೆ. ಅವ್ವ ಯುತಾನ ತಲೆಗೆ ಮೊಟಕುತ್ತಾಳೆ, ಬಜ್ಜಿಯಂಥ ಬುಗುಟು ಏಳುತ್ತದೆ, ಮುಂದಿನ ಪುಟದಲ್ಲಿ ಇರುವುದಿಲ್ಲ. ಅದು ಕಾಮಿಕ್ಸ್ ಶಿವೂ, ಅಲ್ಲಿ ಯಾರಿಗೂ ನಿಜವಾಗಿ ನೋವಾಗುವುದಿಲ್ಲ. ನಾನು "ಠಣ್" ಎಂದು ಬರೆಯುತ್ತೇನೆ, ಅಷ್ಟೇ.

ಪುಸ್ತಕ ಅಚ್ಚಿಗೆ ಹೋಯಿತು. ಮುನ್ನುಡಿಯಲ್ಲಿ ನಿಮ್ಮನ್ನು ನೆನೆದಿದ್ದೇನೆ. ಹೈದರಾಬಾದಿನ ನನ್ನ ತಂಗಿ ಶಿವಗಂಗಾ ಪತ್ರ ಬರೆದು ಬರೆದು ಯುತಾನಿಗೆ ಬಾಯಿ ಕೊಟ್ಟಳು, ಅವಳ ಮಗಳು ಪಿಂಕಿ ಅಪ್ಪನ ಬೆಲ್ಟಿಗೆ ಜಳಕ ಮಾಡಿಸಿದಳು, ಓಣಿಯವರನ್ನು ಸಿನಿಮಾಕ್ಕೆ ಕರೆದಳು, ಎಲ್ಲವನ್ನೂ ಹೇಳಿದ್ದೇನೆ. ಇಡೀ ಪುಸ್ತಕದಲ್ಲಿ ನಾನು ಸ್ವಂತ ಬರೆದದ್ದೆಂದರೆ ಆ ಎರಡು ಪುಟ.

ಚಂದ್ರಕಾಂತ

*

ಶಾಪೂರ್ ನಗರ
೧೮ ನವೆಂಬರ್ ೨೦೨೩

ಅಣ್ಣ,

ಅಂಬುಬಾಯಿ ದೀಪಾವಳಿಗೆ ಬೀದರಿಗೆ ಹೋಗಿದ್ದರು. ನಿನ್ನ ಪತ್ರ ಅವರ ಬಾಗಿಲ ಸಂದಿಯಲ್ಲಿ ಎಷ್ಟೋ ದಿನ ಬಿದ್ದಿತ್ತು, ಇವತ್ತು ನನ್ನ ಕೈಗೆ ಬಂತು.

ಮುನ್ನುಡಿಯಲ್ಲಿ ನಮ್ಮ ಹೆಸರು ಬೇಡ. ಆ ಎರಡು ಸಂಗತಿ ಬೇಡ. ಅಚ್ಚಾಗಿದ್ದರೆ ಪುಸ್ತಕವನ್ನು ಈ ಮನೆಗೆ ಕಳಿಸಬೇಡ. ಇವರಿಗೆ ಪತ್ರದ ವಿಷಯ ಗೊತ್ತಿಲ್ಲ. ಕಾರಣ ಎದುರಿಗೆ ಸಿಕ್ಕಾಗ ಹೇಳುತ್ತೇನೆ. ಇದನ್ನು ಓದಿದ ಕೂಡಲೇ ಪ್ರಕಾಶಕರಿಗೆ ತಿಳಿಸು.

ಶಿವಗಂಗಾ

*

ಧಾರವಾಡ
೧೯ ನವೆಂಬರ್ ೨೦೨೩

ಶಿವೂ,

ಬಂತು, ನಮ್ಮ ಯುತಾ ಬಂದ. ಮುಖಪುಟ ಹಳದಿ, ನೋಡಿದರೆ ನಗು ಬರುತ್ತದೆ. ನಿನಗೆ ಎರಡು ಪ್ರತಿ ಅಂಬುಬಾಯಿಯವರ ವಿಳಾಸಕ್ಕೆ. ಇನ್ನೊಂದನ್ನು ವಿಜಯಕುಮಾರರಿಗೆ ಗೊತ್ತಿಲ್ಲದೆ ಜೀಡಿಮೆಟ್ಲಾದ ಅವರ ಫ್ಯಾಕ್ಟರಿ ವಿಳಾಸಕ್ಕೇ ಕೊರಿಯರ್ ಮಾಡಿದ್ದೇನೆ. ಮುನ್ನುಡಿಯ ಪುಟಕ್ಕೆ ಗುರುತಿಟ್ಟಿದ್ದೇನೆ. ಸಹೋದ್ಯೋಗಿಗಳ ಮುಂದೆ ಬಿಚ್ಚಲಿ, ಮಗಳ ಹೆಸರು ನೋಡಿ ಹಿಗ್ಗಲಿ.

ಚಂದ್ರಕಾಂತ

*

ಧಾರವಾಡ
೨೭ ನವೆಂಬರ್ ೨೦೨೩

ಶಿವೂ,

ನಿನ್ನ ಹದಿನೆಂಟರ ಪತ್ರ ಇವತ್ತು ಬಂತು. ಏನಿದು ನಿನ್ನ ಹುಚ್ಚು? ಅಣ್ಣನಿಗೆ ಪತ್ರ ಬರೆಯುವುದನ್ನೂ ಗಂಡನಿಂದ ಮುಚ್ಚಿಡುತ್ತಾರೆಯೇ? ಪುಸ್ತಕ ಅವರ ಕೈಸೇರಿ ನಾಲ್ಕು ದಿನವಾಗಿರಬೇಕು. ಓದಿ ಏನೆಂದರು, ಬರೆ.

ಚಂದ್ರಕಾಂತ

*

ಧಾರವಾಡ
೧೪ ಜನವರಿ ೨೦೨೪

ಶಿವೂ,

ಇದು ನನ್ನ ಮೂರನೆಯ ಪತ್ರ. ಉತ್ತರವಿಲ್ಲ. ಒಂದು ಮುನ್ನುಡಿಗೆ ಇಷ್ಟು ಸಿಟ್ಟೇ? ಇಲ್ಲಿ ಮಕ್ಕಳು ಬೆಲ್ಟಿನ ಮಾತನ್ನು ಬಾಯಿಪಾಠ ಮಾಡಿದ್ದಾರೆ. ಒಂದು ಶಾಲೆಯಲ್ಲಿ ಅದನ್ನೇ ನಾಟಕ ಮಾಡಿ ಆಡಿದರು. ಊರೆಲ್ಲ ಮೆಚ್ಚಿದ್ದನ್ನು ಸ್ವಂತ ತಂಗಿ ಮೆಚ್ಚಲಿಲ್ಲ ಎಂಬುದು ನನಗೆ ನೋವು. ಎಳ್ಳು ಬೆಲ್ಲ ಕಳಿಸಿದ್ದೇನೆ, ಅದನ್ನಾದರೂ ತೆಗೆದುಕೊ.

ಚಂದ್ರಕಾಂತ

*

ಲಿಂಗಂಪಲ್ಲಿ
೧೧ ಫೆಬ್ರುವರಿ ೨೦೨೪

ಅಣ್ಣ,

ವಿಳಾಸ ಬದಲಾಗಿದೆ, ನೋಡಿಕೊ. ನಿನ್ನ ಪತ್ರಗಳನ್ನೆಲ್ಲ ಅಂಬುಬಾಯಿ ನಿನ್ನೆ ತಂದುಕೊಟ್ಟರು. ಬರೆಯಲು ಮನಸ್ಸಿರಲಿಲ್ಲ. ಆದರೆ ನೀನು ಎಳ್ಳು ಬೆಲ್ಲ ಕಳಿಸಿ ನೊಂದುಕೊಂಡು ಕೂತಿದ್ದೀ ಎಂದು ಓದಿದ ಮೇಲೆ ಹೇಳಿಬಿಡುವುದು ಒಳ್ಳೆಯದೆನಿಸಿತು.

ನವೆಂಬರ್ ಇಪ್ಪತ್ತಮೂರು, ಗುರುವಾರ. ನಿನ್ನ ಕೊರಿಯರ್ ಮಧ್ಯಾಹ್ನ ಊಟದ ಹೊತ್ತಿಗೆ ಫ್ಯಾಕ್ಟರಿಗೆ ಬಂದಿದೆ. ವಿಜಯಕುಮಾರ ಅಲ್ಲೇ ಕ್ಯಾಂಟೀನಿನಲ್ಲಿ ಬಿಚ್ಚಿದ್ದಾನೆ. ಅವನ ಕೈಕೆಳಗೆ ಹುಲಗೇಶ ಅಂತ ನಮ್ಮ ಕಡೆಯ ಹುಡುಗನಿದ್ದಾನೆ. ಕೆಟ್ಟವನಲ್ಲ, ಸಾಹೇಬರ ಮಗಳ ಹೆಸರು ಪುಸ್ತಕದಲ್ಲಿ ಬಂತೆಂದು ಅವನಿಗೆ ಖುಷಿ. ಗುರುತಿಟ್ಟ ಪುಟ ತೆಗೆದು ಗಟ್ಟಿಯಾಗಿ ಓದಿ, ಉಳಿದವರಿಗೆ ತೆಲುಗಿನಲ್ಲಿ ಹೇಳಿದ್ದಾನೆ. ಯಾರೋ "ಸಾರ್, ಆ ಬೆಲ್ಟು ಇದೇನಾ?" ಎಂದು ಸೊಂಟದ ಕಡೆ ಕೈ ಮಾಡಿ ಕೇಳಿದರಂತೆ. ಎಲ್ಲರೂ ನಕ್ಕರು, ಅವನೂ ನಕ್ಕ. ಹುಲಗೇಶನೇ ಆಮೇಲೆ ಅಳುತ್ತ ನನಗೆ ಇದನ್ನೆಲ್ಲ ಹೇಳಿದ.

ವಿಜಯಕುಮಾರ ಸಂಜೆ ಐದೂವರೆಗೆ ಮನೆಗೆ ಬಂದ. ಜಿಲೇಬಿ ತಂದಿದ್ದ. ನನ್ನನ್ನೂ ಪಿಂಕಿಯನ್ನೂ ಎದುರಿಗೆ ಕೂಡಿಸಿ ಪುಸ್ತಕ ನನ್ನ ಕೈಗೆ ಕೊಟ್ಟು, "ಓದು, ಆಕಿಗೂ ಕೇಳ್ಲಿ" ಅಂದ. ಓದಿದೆ. ಪಿಂಕಿಗೆ ಕನ್ನಡ ಓದಲು ಬರುವುದಿಲ್ಲವಲ್ಲ, ತನ್ನ ಮಾತು ಪುಸ್ತಕದೊಳಗಿಂದ ಬಂದದ್ದು ಕೇಳಿ ಚಪ್ಪಾಳೆ ತಟ್ಟಿದಳು. "ಇದು ನಂದು, ಪಪ್ಪಾ, ಇದು ನಾ ಅಂದಿದ್ದು" ಅಂದಳು.

ಅವನು ಬಹಳ ಮೆತ್ತಗೆ ಕೇಳಿದ: "ಬೆಲ್ಟ್ ನೀರಾಗ ಹಾಕಿದ್ದು ನೀನೇನ?"

"ಹೂಂ."

"ಯಾಕ ಹಾಕಿದಿ?"

"ಹಸಿ ಇದ್ರ ನೀವು ಪ್ಯಾಂಟಿಗಿ ಹಾಕ್ಕೊಳ್ಳಂಗಿಲ್ಲ. ಹಾಕ್ಕೊಳ್ಳಲಿಲ್ಲಂದ್ರ ಮಮ್ಮಿ ಮ್ಯಾಲೆ ತಗಿಯಂಗಿಲ್ಲ."

"ಮಂದೀನ್ಯಾಕ ಕರದಿ?"

"ಮಂದಿ ಬಂದ್ರ ನೀವು ನಗತೀರಿ."

ಅಣ್ಣ, ಆರು ವರ್ಷ ಅವನು ನನ್ನನ್ನು ಹೊಡೆದಿದ್ದಾನೆ. ಮಣಿಕಟ್ಟು ಮುರಿದದ್ದು ಬಚ್ಚಲಲ್ಲಿ ಅಲ್ಲ. ಫೋನು ಕೆಡಲಿಲ್ಲ, ಅವನು ಒಡೆದ. ಆದರೆ ಮಗುವನ್ನು ಒಂದು ದಿನವೂ ಮುಟ್ಟಿರಲಿಲ್ಲ, ಆ ಒಂದು ಭರವಸೆಯ ಮೇಲೆ ನಾನು ಅಲ್ಲಿದ್ದೆ. ಅವತ್ತು ಮುಟ್ಟಿದ. ನಾನು ನಡುವೆ ಬಿದ್ದೆ, ತಳ್ಳಿದ. ಬೆಲ್ಟಿನ ಬಕಲು ಪಿಂಕಿಯ ಎಡಗಿವಿಗೆ ಬಡಿಯಿತು.

ಈ ಸಲ ಯಾರೂ ಬೆಲ್ ಒತ್ತಲಿಲ್ಲ. ಅಂಬುಬಾಯಿ ತಾವಾಗಿಯೇ ಬಂದರು. ಎಪ್ಪತ್ತು ವರ್ಷದ ಹೆಂಗಸು ಅವನ ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕಿ, ಮಗುವನ್ನು ಎತ್ತಿಕೊಂಡು ನನ್ನನ್ನು ಹೊರಗೆ ಕರೆತಂದರು. ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಎಡಗಿವಿ ಅರ್ಧ ಕೇಳಿಸುತ್ತದೆ, ಇನ್ನು ಹೆಚ್ಚೇನೂ ಸುಧಾರಿಸದು ಎಂದಿದ್ದಾರೆ. ಪೊಲೀಸರಿಗೆ ಬರೆದುಕೊಟ್ಟೆ. ವಾರದೊಳಗೆ ಜಾಮೀನಿನ ಮೇಲೆ ಹೊರಗೆ ಬಂದ, ಈಗ ಅದೇ ಕೆಲಸದಲ್ಲಿದ್ದಾನೆ. ಕೇಸು ನಡೆಯುತ್ತಿದೆ.

ಅಂಬುಬಾಯಿಯ ತಂಗಿಯ ಮನೆಯಲ್ಲಿ ಒಂದು ಕೋಣೆ ಸಿಕ್ಕಿದೆ. ಪಟಾನ್‌ಚೆರುವಿನ ಔಷಧದ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕೈ ಸರಿಯಾಗಿ ಕೂಡಿಲ್ಲ, ಉಳಿದವರಿಗಿಂತ ನಿಧಾನ.

ಇಷ್ಟೇ.

ಶಿವಗಂಗಾ

*

ಧಾರವಾಡ
೨೦ ಫೆಬ್ರುವರಿ ೨೦೨೪

ಶಿವೂ,

ನಿನ್ನ ಪತ್ರ ಓದಿದೆ. ಎಷ್ಟು ಸಲ ಕೂತೆನೋ, ಏನು ಬರೆದರೂ ಹರಿದು ಹಾಕುತ್ತಿದ್ದೇನೆ.

ತಪ್ಪು ನನ್ನದು. ಆದರೆ ಶಿವೂ, ಒಂದು ಸಾಲು ನೇರವಾಗಿ ಬರೆದಿದ್ದರೆ? "ಹೊಡೆಯುತ್ತಾನೆ" ಎಂಬ ಒಂದೇ ಒಂದು ಮಾತು? ಆವತ್ತೇ ಗಾಡಿ ಹತ್ತಿ ಬರುತ್ತಿದ್ದೆ. ನೀನು ನಗುವಂತೆ ಬರೆದೆ, ನಾನು ನಕ್ಕೆ. ನನಗೆ ಹೇಗೆ ತಿಳಿಯಬೇಕು?

ಯುತಾನ ಎರಡನೆಯ ಭಾಗವನ್ನು ನಾನು ಮಾಡುವುದಿಲ್ಲವೆಂದು ಪ್ರಕಾಶಕರಿಗೆ ಹೇಳಿದ್ದೇನೆ. ಅವರು ಬೇರೆಯವರಿಂದ ಮಾಡಿಸುತ್ತಾರಂತೆ. ಮುಂದಿನ ಮುದ್ರಣದಲ್ಲಿ ಮುನ್ನುಡಿ ಇರುವುದಿಲ್ಲ, ಆದರೆ ಪಿಂಕಿಯ ಆ ಎರಡು ಮಾತುಗಳನ್ನು ತೆಗೆಯಲು ಅವರು ಒಪ್ಪುತ್ತಿಲ್ಲ. ಮಕ್ಕಳಿಗೆ ಅವೇ ಇಷ್ಟವಂತೆ.

ಮೇಲಿನ ಕೋಣೆ ತೆರವು ಮಾಡಿ ಸುಣ್ಣ ಹೊಡೆಸಿದ್ದೇನೆ. ಪಿಂಕಿಯನ್ನು ಕರೆದುಕೊಂಡು ಬಂದುಬಿಡು. ಇಲ್ಲವೇ ನಾನೇ ಬರುತ್ತೇನೆ.

ಅಣ್ಣ

*

ಲಿಂಗಂಪಲ್ಲಿ
೩ ಮಾರ್ಚ್ ೨೦೨೪

ಅಣ್ಣ,

ಪತ್ರ ಅವನ ಕೈಗೆ ಸಿಕ್ಕರೆ ಅವನು ನಕ್ಕು ಸುಮ್ಮನಾಗಬೇಕು, ನಿನ್ನ ಕೈಗೆ ಸಿಕ್ಕರೆ ನಿನಗೆ ತಿಳಿಯಬೇಕು. ಹಾಗೆ ಬರೆಯಲು ನನಗೆ ಬಂದಷ್ಟು ಬರೆದೆ. ಮೂರು ಸಲ ಬರುತ್ತೇನೆಂದೆ. ಶಾಲೆ ಯಾವುದಿದೆ ಎಂದು ಕೇಳಿದೆ. ಹೊಡೆದ ಮೇಲೆ ಏನಾಗುತ್ತದೆಂದು ಕೇಳಿದೆ. ನೀನು ಬೇರೆ ದೇಶದ ಒಂದು ಹುಡುಗನ ಮಾತಿನ ಅರ್ಥಕ್ಕೆ ವಾರಗಟ್ಟಲೆ ನಿಘಂಟು ಹುಡುಕುವವನು. ನನ್ನ ಪತ್ರವನ್ನೂ ಹಾಗೆ ಓದುತ್ತೀ ಅಂದುಕೊಂಡಿದ್ದೆ.

ಕೋಣೆ ಈಗ ಬೇಡ. ಇಲ್ಲಿ ಕೇಸಿದೆ, ಕೆಲಸವಿದೆ.

ಪಿಂಕಿ ಈಗ ಒಳ್ಳೆಯ ಹುಡುಗಿ. ನೀರು ಕುಡಿಯುವುದಕ್ಕೂ ನನ್ನನ್ನು ಕೇಳುತ್ತಾಳೆ. ಇಂಥ ಶಿಸ್ತಿನ ಮಗುವನ್ನು ನೋಡಿಲ್ಲ ಎಂದು ಹೊಸ ಶಾಲೆಯ ಟೀಚರ್ ಹೊಗಳಿದರು. ನಾನು ಥ್ಯಾಂಕ್ಸ್ ಹೇಳಿ ಬಂದೆ.

ನೋಡಬೇಕೆಂದಿದ್ದರೆ ಬಾ. ಭಾನುವಾರ ರಜೆ. ಪುಸ್ತಕ ತರಬೇಡ.

ಶಿವಗಂಗಾ

*

ಲಿಂಗಂಪಲ್ಲಿ
೨ ಏಪ್ರಿಲ್ ೨೦೨೪

ಅಣ್ಣ,

ಸುಖವಾಗಿ ಮುಟ್ಟಿರಬೇಕು.

ಮೊನ್ನೆ ನೀನು ಪಿಂಕಿಯನ್ನು ನಗಿಸಲು ಬಹಳ ಕಷ್ಟಪಟ್ಟೆ, ನೋಡಿದೆ. ನೀನು ಮುಖ ಸೊಟ್ಟ ಮಾಡಿದೆ, ಅವಳ ಚಪ್ಪಲಿಯೊಂದನ್ನು ಮಂಚದ ಕೆಳಗೆ ಬಚ್ಚಿಟ್ಟೆ. ಅವಳು ಹುಡುಕಿ ತಂದು ಜೋಡಿಯ ಪಕ್ಕ ನೆಟ್ಟಗೆ ಇಟ್ಟು ಮತ್ತೆ ಬಂದು ಕೂತಳು. ನೀನು ತಂದ ಬಣ್ಣದ ಪೆನ್ಸಿಲ್ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳೇ ಹೊರತು ತೆರೆಯಲಿಲ್ಲ. ನಿನ್ನ ಕಣ್ಣು ತುಂಬಿದಾಗ ಎದ್ದು ನೀರು ತಂದುಕೊಟ್ಟಳು. "ಎಷ್ಟು ದೊಡ್ಡಾಕಿ ಆದಿ" ಅಂದೆ ನೀನು.

ನಿನ್ನನ್ನು ರೈಲು ಹತ್ತಿಸಿ ನಾವಿಬ್ಬರೂ ನಡೆದು ವಾಪಸು ಬರುತ್ತಿದ್ದೆವು. ಅವಳು ಯಾವಾಗಲೂ ನನ್ನ ಎಡಕ್ಕೇ ನಡೆಯುತ್ತಾಳೆ, ನಾನು ಮಾತಾಡಿದರೆ ಬಲಗಿವಿಗೆ ಬೀಳಬೇಕು ಅಂತ. ಸ್ಟೇಷನ್ನಿನ ಮೆಟ್ಟಿಲಿಳಿಯುವಾಗ ಕೇಳಿದಳು:

"ಮಮ್ಮಿ, ಮಾಮಾ ಊರಿಗಿ ಹೋಗಿ ಬರೀತಾನೇನು?"

"ಏನು ಬರೀತಾನ?"

"ನಂದು."

"ಇಲ್ಲವ್ವ" ಅಂದೆ.

ಅವಳಿಗೆ ನಂಬಿಕೆ ಬರಲಿಲ್ಲ. ನಾಲ್ಕು ಹೆಜ್ಜೆ ಹಾಕಿ ಮತ್ತೆ ನಿಂತಳು.

"ನಾ ಏನೂ ಮಾಡಲಿಲ್ಲ ಮಮ್ಮಿ. ಮಾಮಾ ಇರೂತನಕ ಸುಮ್ನ ಕೂತಿದ್ದೆ. ನೀ ನೋಡಿದಿಲ್ಲ?"

ನೋಡಿದೆ ಎಂದು ಹೇಳಿದೆ. ಆಮೇಲೆ ಮನೆಯವರೆಗೂ ನನ್ನ ಕೈ ಬಿಡದೆ ನಡೆದಳು.

ಇನ್ನೊಮ್ಮೆ ಬರುವುದಿದ್ದರೆ ಮೊದಲು ಕೇಳು. ನಾನು ಅವಳನ್ನು ಕೇಳಿ ತಿಳಿಸುತ್ತೇನೆ.

ಶಿವಗಂಗಾ